ನಿಂತೋಟ

ಓಡುತ್ತಿರುವ ಕಾರನ್ನು ನೋಡಿ ಅದರ ಆರೋಗ್ಯ ಹೇಳುವುದು ಕಷ್ಟ. ಇಳಿಜಾರು ಸಿಕ್ಕರೆ ಎಂಥ ಗಾಡಿಯೂ ಓಡುತ್ತದೆ; ಆಕ್ಸಿಲರೇಟರ್ ತುಳಿದರೆ ಎಂಥ ಇಂಜಿನ್ನೂ ಗಟ್ಟಿ ದನಿ ತೆಗೆಯುತ್ತದೆ. ಒಳಗಿನ ಸಂಗತಿ ತಿಳಿಯಬೇಕಾದರೆ ಅದು ಎಲ್ಲಿಗೂ ಹೋಗದೆ, ಯಾರನ್ನೂ ಹೊರದೆ, ಗೇರಿಗೆ ಬೀಳದೆ ತನ್ನ ಪಾಡಿಗೆ ತಾನು ತಿರುಗುತ್ತಿರುವಾಗ ಪಕ್ಕದಲ್ಲಿ ನಿಂತು ಕೇಳಬೇಕು. ಅದಕ್ಕೆ ನಾನು ನಿಂತೋಟ ಎಂದು ಹೆಸರಿಟ್ಟುಕೊಂಡಿದ್ದೇನೆ. ಗ್ಯಾರೇಜಿನವರ ಬಾಯಲ್ಲಿ ಅದು ‘ಸ್ಲೋ’. ಸ್ಲೋ ನಿಲ್ತಾ ಇಲ್ಲ ಅಂದರೆ ಕಾಲು ತೆಗೆದ ಕೂಡಲೇ ಗಾಡಿ ಆಫ್ ಆಗುತ್ತಿದೆ. ಮಿಸ್ ಹೊಡೀತಿದೆ ಅಂದರೆ ನಾಲ್ಕು ಸಿಲಿಂಡರಿನಲ್ಲಿ ಒಂದು ಆಗಾಗ ಕೆಲಸ ತಪ್ಪಿಸುತ್ತಿದೆ. ಹಳೆಯ ಕಾರು ಇಟ್ಟುಕೊಂಡವರ ಬಾಯಿಗೆ ಚಳಿಗಾಲದ ಬೆಳಗ್ಗೆ ಈ ಎರಡೂ ಮಾತು ಒಟ್ಟಿಗೇ ಬರುತ್ತವೆ.

ನಿಂತೋಟ ಸುಲಭದ ಕೆಲಸವಲ್ಲ. ರಸ್ತೆಯಲ್ಲಿ ಓಡುವಾಗ ಇಂಜಿನ್ನಿಗೆ ಗಾಳಿ, ಪೆಟ್ರೋಲು ಎರಡೂ ಧಾರಾಳ. ಗಾಡಿಯ ವೇಗವೇ ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಕೊಂಡು ಹೋಗುತ್ತದೆ. ನಿಂತಾಗ ಹಾಗಿಲ್ಲ. ಗಾಳಿಯ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಅತಿ ಸಣ್ಣ ರಂಧ್ರವೊಂದರಿಂದ ಪೆಟ್ರೋಲು ಬರಬೇಕು, ಬಂದಷ್ಟನ್ನೇ ನಾಲ್ಕೂ ಸಿಲಿಂಡರುಗಳು ಸಮನಾಗಿ ಹಂಚಿಕೊಂಡು ಉರಿಸಬೇಕು. ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಳ್ಳೋಣ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿನಲ್ಲೂ ಕಿಡಿ ಹಾರುತ್ತದೆ. ನಾಲ್ಕೂ ಸೇರಿ ನಿಮಿಷಕ್ಕೆ 1600 ಸಲ ಉರಿ, ಸೆಕೆಂಡಿಗೆ ಸುಮಾರು 27. ಇದನ್ನು ಕಿವಿ ಎಣಿಸಲಾರದು. ಆದರೆ ನಾಲ್ಕರಲ್ಲಿ ಒಂದು ತಪ್ಪಿದರೆ ಎಣಿಕೆ ಬಾರದ ಅದೇ ಕಿವಿ ಥಟ್ಟನೆ ಹಿಡಿಯುತ್ತದೆ. ತಾಳ ತಪ್ಪಿದ್ದು ಗೊತ್ತಾಗಲು ತಾಳಶಾಸ್ತ್ರ ಓದಿರಬೇಕಿಲ್ಲವಲ್ಲ.

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಇರುವುದು ಚಿಕ್ಕಮಗಳೂರಿನಲ್ಲಿ, ಹೆಂಚು ಹೊದಿಸಿದ ಶೆಡ್ಡಿನಲ್ಲಿ. ದೊಡ್ಡಪ್ಪನ ಕಾಲದ ಗಾಡಿ. ಡಿಸೆಂಬರ್ ಬಂತೆಂದರೆ ಊರಿನ ಸುತ್ತ ಅರೇಬಿಕಾ ಕೊಯ್ಲು. ಬೆಳಗಿನ ಹೊತ್ತು ಹೆಂಚಿನಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ, ಬಾನೆಟ್ ಮುಟ್ಟಿದರೆ ಬೆರಳು ಹಿಂದೆ ಸರಿಯುವಷ್ಟು ಚಳಿ. ಚೋಕ್ ಎಳೆದು ಸೆಲ್ಫ್ ಹೊಡೆದರೆ ಇಂಜಿನ್ ಮೊದಲು ಒಂದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ, ಆಮೇಲೆ ಎರಡು, ಆಮೇಲೆ ಮೂರು. ನಾಲ್ಕನೆಯದು ಬರಲೋ ಬೇಡವೋ ಎಂದು ತಡೆಯುತ್ತದೆ. ಅಷ್ಟು ಹೊತ್ತೂ ಇಡೀ ಗಾಡಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಕನ್ನಡಿಯಲ್ಲಿ ಕಾಣುವ ಹಿಂದಿನ ಗೇಟು ಕಂಪಿಸಿ ಎರಡೆರಡಾಗುತ್ತದೆ, ಡ್ಯಾಶ್‌ಬೋರ್ಡಿನ ಮೇಲಿಟ್ಟ ಬೀಗದ ಕೈ ಸರಿದು ಸರಿದು ಅಂಚಿಗೆ ಬರುತ್ತದೆ. ಈ ಚಳಿನಡುಕವನ್ನು ಕುರಿತೇ ನಾನು ಹೇಳಹೊರಟದ್ದು. ಅದರಿಂದ ಊಟದ ಖರ್ಚು ಹುಟ್ಟುವುದಿಲ್ಲ. ಆದರೂ ನನಗೆ ಅದು ಬಹಳ ಇಷ್ಟದ ವಿಷಯ.

ಪದ್ಮಿನಿಯ ವಂಶ ಇಟಲಿಯದು. ಫಿಯೆಟ್ 1100 ಎಂಬ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಕಟ್ಟುತ್ತಿದ್ದರು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಪದ್ಮಿನಿ ಎಂಬ ಹೆಸರು ಪಡೆಯಿತು. ನಮ್ಮ ಕಡೆ ಎಷ್ಟೋ ಜನಕ್ಕೆ ಈಗಲೂ ಅದು ‘ಫಿಯೆಟ್ಟೇ’. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಇಂಜಿನ್ನಿನ ಪಕ್ಕೆಗೆ ಒಂದು ಸೋಲೆಕ್ಸ್ ಕಾರ್ಬುರೇಟರ್. ಮುಂಬಯಿಯಲ್ಲಿ ಕಪ್ಪು ಹಳದಿ ಬಣ್ಣ ತೊಟ್ಟು ದಶಕಗಟ್ಟಲೆ ಟ್ಯಾಕ್ಸಿಯಾಗಿ ದುಡಿದ ಗಾಡಿ. 2023ರ ಅಕ್ಟೋಬರ್ 30ರಿಂದ ಆ ನಗರದಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. 2003ರಲ್ಲಿ ನೋಂದಣಿಯಾದ ಕೊನೆಯ ಗಾಡಿಗೂ ಇಪ್ಪತ್ತು ವರ್ಷದ ಮಿತಿ ಮುಗಿದಿತ್ತು. ಆ ಸುದ್ದಿ ಓದಿದ ದಿನ ನಾನು ಶೆಡ್ಡಿಗೆ ಹೋಗಿ ನಮ್ಮದನ್ನು ಸುಮ್ಮನೆ ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೂ ಕೇಳುತ್ತ ಕೂತಿದ್ದೆ.

ಚಳಿಗೂ ನಡುಕಕ್ಕೂ ಏನು ಸಂಬಂಧ? ಪೆಟ್ರೋಲು ಉರಿಯುತ್ತದೆ ಎನ್ನುತ್ತೇವೆ. ನಿಜವಾಗಿ ಉರಿಯುವುದು ಪೆಟ್ರೋಲಿನ ಆವಿ. ಪೆಟ್ರೋಲು ಒಂದೇ ವಸ್ತುವೂ ಅಲ್ಲ, ನೂರಾರು ದ್ರವಗಳ ಕೂಡಾಟ. ಕೆಲವು ಬೇಸಿಗೆಯ ಬಿಸಿಲಿನಷ್ಟು ಶಾಖಕ್ಕೇ ಹಾರಿಹೋಗುತ್ತವೆ, ಕೆಲವಕ್ಕೆ 200 ಡಿಗ್ರಿಯ ಹತ್ತಿರ ಕಾವು ಬೇಕು. ಚಳಿಯಲ್ಲಿ ಹಗುರವಾದವು ಮಾತ್ರ ಆವಿಯಾಗುತ್ತವೆ. ಉಳಿದವು ಹನಿಯಾಗಿ, ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ತಣ್ಣನೆಯ ಲೋಹದ ದಾರಿಗೆ ಅಂಟಿಕೊಂಡು ತೆವಳುತ್ತವೆ. ಲೆಕ್ಕದ ಪ್ರಕಾರ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಕಾರ್ಬುರೇಟರ್ ತನ್ನ ಪಾಲಿನ ಪೆಟ್ರೋಲು ಸರಿಯಾಗಿಯೇ ಕೊಟ್ಟಿರುತ್ತದೆ, ಆದರೆ ಸಿಲಿಂಡರಿಗೆ ಸಿಗುವ ಆವಿ ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೇ ಚೋಕ್. ಚೋಕ್ ಎಳೆದರೆ ಪೆಟ್ರೋಲಿನ ಪಾಲು ಏರುತ್ತದೆ. ಸುರಿದದ್ದರಲ್ಲಿ ಬಹುಪಾಲು ಗೋಡೆಗೆ ಅಂಟಿ ಹೋದರೂ ಉಳಿದ ಆವಿಯಲ್ಲಿ ಬೆಂಕಿ ಹಿಡಿಯಬೇಕು, ಅದು ಅದರ ಉಪಾಯ. ಪೆಟ್ರೋಲನ್ನು ತುಂತುರಾಗಿ ಗಾಳಿಗೆ ಬೆರೆಸುವ ಕಾರ್ಬುರೇಟರನ್ನು ವಿಲ್‌ಹೆಲ್ಮ್ ಮೈಬಾಖ್ 1893ರಲ್ಲಿ ರೂಪಿಸಿದ. ಹೆಚ್ಚುಕಡಿಮೆ ಒಂದು ಶತಮಾನ ಜಗತ್ತಿನ ಬಹುಪಾಲು ಕಾರುಗಳು ಉಸಿರಾಡಿದ್ದು ಆ ತುಂತುರಿನ ಮೇಲೆ.

ಚೋಕಿನ ಗುಂಡಿ ಎಳೆಯುವುದಕ್ಕೂ ಒಂದು ಕೈಹದ ಇದೆ. ಪೂರ್ತಿ ಎಳೆದು ಸ್ಟಾರ್ಟ್ ಮಾಡಬೇಕು. ಹಿಡಿದ ಮೇಲೆ ಅರ್ಧ ಒಳಗೆ ತಳ್ಳಬೇಕು. ಇಂಜಿನ್ನಿನ ದನಿ ಬಿರುಸು ಕಳೆದುಕೊಂಡು ಗುಂಡಗಾದಾಗ ಇನ್ನಷ್ಟು. ಗಡಿಯಾರ ನೋಡಿ ಮಾಡುವ ಕೆಲಸವಲ್ಲ ಇದು. ಜನವರಿಯ ದನಿ ಬೇರೆ, ಮಾರ್ಚಿನ ದನಿ ಬೇರೆ. ಮಳೆ ಬಿಟ್ಟ ಮರುದಿನದ ದನಿ ಎರಡೂ ಅಲ್ಲದ್ದು. ಬೇಗ ತಳ್ಳಿದರೆ ಗಾಡಿ ಕೆಮ್ಮಿ ನಿಲ್ಲುತ್ತದೆ. ಎಳೆದೇ ಬಿಟ್ಟರೆ ಹಸಿ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲ್ಲಿಗೆ ಸೇರುತ್ತದೆ, ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೂ ಹೆಚ್ಚು. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಳಗೆ ಗಾಡಿ ಬಿಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ಬಾಗಿಲು ತೆರೆಯಿರಿ, ಆಮೇಲೆ ಕೀಲಿ ತಿರುಗಿಸಿ.

ಚೋಕ್ ತೆಗೆದ ಮೇಲೂ ನಡುಕ ನಿಲ್ಲದಿದ್ದರೆ? ಗಾಡಿ ಬಿಸಿಯಾಗಿ ಅರ್ಧ ದಾರಿ ಸಾಗಿದ ಮೇಲೆ ಮಾಯವಾಗಿ, ಮರುದಿನ ಬೆಳಗ್ಗೆ ಮತ್ತೆ ಹಾಜರಾದರೆ? ಅಲ್ಲಿಂದ ಶುರು ನನಗೆ ಪ್ರಿಯವಾದ ಪತ್ತೇದಾರಿ.

ನಮ್ಮ ಮೇಸ್ತ್ರಿಗಳು ಕಿವಿವೈದ್ಯರು. ಅವರಿಗೆ ವಯಸ್ಸಾಗಿದೆ, ಕಣ್ಣಿಗೆ ದಪ್ಪ ಕನ್ನಡಕ. ಗಾಡಿ ತಂದು ನಿಲ್ಲಿಸಿದರೆ ಬಾನೆಟ್ ಎತ್ತುವುದಿಲ್ಲ. ಮೊದಲು ಹಿಂದಕ್ಕೆ ಹೋಗಿ ಸೈಲೆನ್ಸರ್ ಬಾಯಿಯ ಹತ್ತಿರ ಅಂಗೈ ಹಿಡಿಯುತ್ತಾರೆ. ಹೊಗೆಯ ಉಸಿರು ಸಮನಾಗಿ ತಾಗುತ್ತಿದೆಯೋ, ನಡುನಡುವೆ ಬಿಟ್ಟುಬಿಟ್ಟು ಬರುತ್ತಿದೆಯೋ ಎಂದು ಅಂಗೈಯಲ್ಲೇ ಓದುತ್ತಾರೆ. ಆಮೇಲೆ ಮುಂದೆ ಬಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಬಾರದು. ಗ್ಯಾರೇಜಿನ ಹುಡುಗರೂ ಸ್ಪ್ಯಾನರ್ ಕೆಳಗಿಡುವಾಗ ಸದ್ದು ಮಾಡುವುದಿಲ್ಲ.

“ಯಾವುದು ಮೇಸ್ತ್ರಿ?”

“ಮೂರನೇದು ಸ್ವಲ್ಪ ಸೋಮಾರಿ. ಆದ್ರೆ ತಪ್ಪು ಅದರದ್ದಲ್ಲ ಸಾರ್. ಗಾಡಿ ಏರ್ ಎಳೀತಾ ಇದೆ.”

ಏರ್ ಎಳೆಯುವುದು. ಚಳಿನಡುಕದ ಕಾರಣಗಳಲ್ಲಿ ನನಗೆ ಎಲ್ಲಕ್ಕಿಂತ ರುಚಿಕರವಾಗಿ ಕಾಣುವುದು ಇದು. ಇಂಜಿನ್ನಿಗೆ ಗಾಳಿ ಬೇಕೇ ಬೇಕು, ಆದರೆ ಬರುವುದೆಲ್ಲ ಕಾರ್ಬುರೇಟರಿನ ಬಾಗಿಲಿನಿಂದಲೇ ಬರಬೇಕು. ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ಒಣಗಿ ಸೀಳಿದ್ದರೆ, ಬಟರ್‌ಫ್ಲೈ (ಅದೇ ಗಾಳಿಯ ಬಾಗಿಲು) ಕೂರುವ ಕಡ್ಡಿ ಸವೆದು ಅದರ ತೂತು ಅಗಲವಾಗಿದ್ದರೆ, ರಬ್ಬರ್ ಪೈಪೊಂದು ಬಿರುಕು ಬಿಟ್ಟಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಅಷ್ಟೇ ಇದ್ದು ಗಾಳಿ ಮಾತ್ರ ಹೆಚ್ಚಾಗುತ್ತದೆ. ಆಕ್ಸಿಲರೇಟರ್ ತುಳಿದು ಓಡಿಸುವಾಗ ಬಾಗಿಲೇ ಅಗಲವಾಗಿ ತೆರೆದಿರುವುದರಿಂದ ಈ ಕಳ್ಳಗಾಳಿಗೆ ಲೆಕ್ಕವಿಲ್ಲ. ನಿಂತಾಗ ಬಾಗಿಲು ಮುಚ್ಚಿ ಒಳಗೆ ನಿರ್ವಾತ ಬಿಗಿಯುತ್ತದೆ; ಎಲ್ಲೇ ಸಂದಿಯಿದ್ದರೂ ಅಲ್ಲಿಂದ ಎಳೆಯುತ್ತದೆ. ಹೈವೇಯಲ್ಲಿ ಜುಮ್ಮೆಂದು ಹೋಗುವ ಗಾಡಿ ಸಿಗ್ನಲ್ಲಿನಲ್ಲಿ ನಿಂತು ನಡುಗುವುದು ಇದರಿಂದ. ಚಳಿಯಲ್ಲಿ ಇದು ಇಮ್ಮಡಿಯಾಗಲು ಎರಡು ಕಾರಣ. ತಣ್ಣಗಿರುವ ರಬ್ಬರ್ ಬಿರುಸಾಗಿ ಸಂದಿ ಬಾಯಿ ಬಿಡುತ್ತದೆ, ಬಿಸಿಯಾದರೆ ಮೆದುವಾಗಿ ಲೋಹದ ಜೊತೆ ಕೂಡಿಕೊಳ್ಳುತ್ತದೆ. ಇನ್ನೊಂದು, ಆವಿ ಕಡಿಮೆಯಿರುವ ಹೊತ್ತಿಗೇ ಗಾಳಿ ಹೆಚ್ಚಾದರೆ ಬೆಂಕಿ ಹಿಡಿಯುವ ಹದವೇ ತಪ್ಪುತ್ತದೆ. ಅರ್ಧ ದಾರಿ ಸಾಗಿದ ಮೇಲೆ ಗಾಡಿ ತಾನೇ ವಾಸಿಯಾಯಿತು ಎಂದುಕೊಳ್ಳುತ್ತೇವಲ್ಲ, ಅಲ್ಲಿ ವಾಸಿಯಾದದ್ದು ಏನೂ ಇಲ್ಲ. ಸಂದಿ ಮುಚ್ಚಿಕೊಂಡಿರುತ್ತದೆ, ಅಷ್ಟೆ.

ಕಳ್ಳದಾರಿ ಹುಡುಕಲು ಈಗ ಡಬ್ಬಿಯಲ್ಲಿ ಬರುವ ಸ್ಪ್ರೇ ಹೊಡೆಯುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಉರಿಯುವ ದ್ರವ ಸಿಂಪಡಿಸುವುದು ನನಗೆ ಸಮ್ಮತವಲ್ಲ. ಮೇಸ್ತ್ರಿಗಳ ಬಳಿ ಹಳೆಯದೊಂದು ಪೇಂಟ್ ಬ್ರಷ್ ಇದೆ, ಕೂದಲು ಸವೆದು ಗಿಡ್ಡವಾದದ್ದು. ಅದನ್ನು ಇಂಜಿನ್ ಆಯಿಲ್ಲಿನಲ್ಲಿ ಅದ್ದಿ, ಕಾರ್ಬುರೇಟರಿನ ಬುಡದ ಸುತ್ತ, ಪ್ಯಾಕಿಂಗಿನ ಅಂಚಿಗೆ, ಬಹಳ ನಿಧಾನವಾಗಿ ಎಳೆಯುತ್ತ ಬರುತ್ತಾರೆ. ಆ ದಿನ ಎಡಗಡೆ ಏನೂ ಆಗಲಿಲ್ಲ. ಮುಂಭಾಗದಲ್ಲೂ ಇಲ್ಲ. ಬಲಗಡೆಯ ನಟ್ಟಿನ ಹಿಂದೆ ಬ್ರಷ್ ಬಂದಾಗ, ಕಪ್ಪು ಗೆರೆಯ ಮೇಲಿದ್ದ ಎಣ್ಣೆಯ ಪದರ ಒಳಕ್ಕೆ ಸುರಕ್ಕನೆ ಸೆಳೆದುಹೋಯಿತು. ಅದೇ ಕ್ಷಣ ಇಂಜಿನ್ನಿನ ದನಿ ಒಂದಾಯಿತು. ನಡುಕ ನಿಂತಿತು. ಡ್ಯಾಶ್‌ಬೋರ್ಡಿನ ಮೇಲಿನ ಬೀಗದ ಕೈ ಸುಮ್ಮನಾಯಿತು. ನಾಲ್ಕೈದು ಉಸಿರಿನಷ್ಟು ಹೊತ್ತು ಆ ಸುಖ. ಎಣ್ಣೆ ಒಳಗೆ ಉರಿದು ಹಿಂದೆ ನಸುನೀಲಿ ಹೊಗೆ ಬಂತು, ಮತ್ತೆ ನಡುಕ ಶುರು. ರೋಗ ತಾನೇ ತನ್ನ ವಿಳಾಸ ಕೊಟ್ಟಾಗಿತ್ತು. ಇಷ್ಟು ಅಗ್ಗದ, ಇಷ್ಟು ನಿಖರವಾದ ಪರೀಕ್ಷೆಯನ್ನು ಮೊದಲು ಕಂಡುಕೊಂಡವರು ಯಾರೋ; ಅವರಿಗೆ ನನ್ನ ನಮಸ್ಕಾರ.

ಕಾರ್ಬುರೇಟರ್ ಬಿಚ್ಚಿದಾಗ ಮೇಸ್ತ್ರಿಗಳು ಹೊಸ ಪ್ಯಾಕಿಂಗ್ ಹಾಕಿ ಮುಗಿಸಲಿಲ್ಲ. ಗ್ಯಾರೇಜಿನ ಮೂಲೆಯಿಂದ ಒಂದು ಗಾಜಿನ ಹಲಗೆ ತಂದರು. ಅದರ ಮೇಲೆ ಎಮೆರಿ ಕಾಗದ ಹಾಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಕಾರ್ಬುರೇಟರಿನ ಬುಡವನ್ನು ಎಂಟರ ಆಕಾರದಲ್ಲಿ ಉಜ್ಜತೊಡಗಿದರು. ಸ್ವಲ್ಪ ಹೊತ್ತಿಗೆ ತಿರುವಿ ತೋರಿಸಿದರು: ನಟ್ಟು ಕೂರುವ ಎರಡು ಕಿವಿಗಳ ಹತ್ತಿರ ಮಾತ್ರ ಲೋಹ ಹೊಳೆಯುತ್ತಿದೆ, ನಡುವೆ ಇನ್ನೂ ಮಂಕು. ಎಂದೋ ಯಾರೋ ನಟ್ಟನ್ನು ಅತಿಯಾಗಿ ಬಿಗಿದು ಮೆದು ಲೋಹವನ್ನು ಬಗ್ಗಿಸಿದ್ದರು. ನಡುವಿನ ಮಂಕು ಅಳಿದು ಇಡೀ ಮುಖ ಒಂದೇ ಹೊಳಪಿಗೆ ಬರುವವರೆಗೆ ಉಜ್ಜಿದರು. ನನಗೆ ಆ ಸಪಸಪ ಸದ್ದು ಕೇಳುತ್ತ ಕೂರುವುದೇ ಒಂದು ಮಧ್ಯಾಹ್ನದ ಕೆಲಸವಾಯಿತು. ಪಕ್ಕದ ಹೋಟೆಲಿನಿಂದ ಎರಡು ಸಲ ಕಾಫಿ ಬಂತು. ಮಾತು ಕಾಫಿಯ ದರಕ್ಕೆ, ಅಲ್ಲಿಂದ ಮೂಡಿಗೆರೆಯ ಮಳೆಗೆ, ಅಲ್ಲಿಂದ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದ ಅಂಬಾಸಡರಿಗೆ ಹೋಗಿ ಮತ್ತೆ ಗಾಜಿನ ಹಲಗೆಗೆ ಬಂತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಳಿಯಲ್ಲಿ ಸ್ಲೋ ನಿಲ್ಲುತ್ತಿಲ್ಲ ಎಂದರೆ ಬಹಳ ಕಡೆ ಮಾಡುವ ಮೊದಲ ಕೆಲಸ ಸ್ಲೋ ಸ್ಕ್ರೂ ತಿರುಗಿಸಿ ವೇಗ ಏರಿಸುವುದು. ಸ್ಲೋ ನಿಲ್ಲುತ್ತದೆ, ಗಿರಾಕಿಗೆ ಸಮಾಧಾನ, ಕೆಲಸ ಐದು ನಿಮಿಷದ್ದು. ಆದರೆ ತೂತು ಹಾಗೇ ಉಳಿಯಿತು. ಬಿಸಿಯಾದ ಮೇಲೆ ಇಂಜಿನ್ ವೃಥಾ ಬಿರುಸಿನಿಂದ ತಿರುಗುತ್ತದೆ, ಗೇರ್ ಹಾಕಿದರೆ ಕಿರಗುಡುತ್ತದೆ, ಪೆಟ್ರೋಲು ಸುಮ್ಮನೆ ಸುಡುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದರೂ ಗಾಡಿ ಮುಂದಕ್ಕೇ ನೂಕುತ್ತದೆ. ಚಳಿಯ ನಾಲ್ಕು ನಿಮಿಷ ವೇಗ ಹೆಚ್ಚಿರುವುದು ತಪ್ಪಲ್ಲ. ಈಗಿನ ಕಂಪ್ಯೂಟರಿನ ಕಾರುಗಳೂ ತಣ್ಣಗಿರುವಾಗ ವೇಗ ಏರಿಸಿ, ಬಿಸಿಯಾದಂತೆ ಇಳಿಸುತ್ತವೆ. ಏರಿಸಿದ್ದನ್ನು ಇಳಿಸಲು ಮರೆಯುವ ಸ್ಕ್ರೂವಿನ ಮೇಲೆ ನನ್ನ ಆಕ್ಷೇಪ. ನಿಂತೋಟದ ನಡುಕ ಇಂಜಿನ್ ಆಡುವ ಮಾತು. ವೇಗ ಏರಿಸಿ ಅದರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಗಾಳಿಯ ಕತೆಯಾದ ಮೇಲೆ ಬೆಂಕಿಯದು. ಪ್ಲಗ್ ಬಿಚ್ಚಿ ಅದರ ಮೂತಿ ನೋಡುವುದು ನನಗೆ ದಿನಪತ್ರಿಕೆ ಓದುವುದಕ್ಕಿಂತ ಹಿತ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಒದ್ದೆಯಿದ್ದರೆ ಕಿಡಿಯೇ ಹಾರಿಲ್ಲ. ಬಿಳಿಚಿದ್ದರೆ ಗಾಳಿ ಹೆಚ್ಚು, ಒಳಗೆ ಕಾವು ಹೆಚ್ಚು. ಎಲ್ಲ ಸರಿಯಿದ್ದಾಗ ಪಿಂಗಾಣಿಯ ಮೇಲೆ ನಸುಹುರಿದ ಕಾಫಿ ಬೀಜದ ಬಣ್ಣ ಕೂತಿರುತ್ತದೆ. ನಮ್ಮ ಕಡೆಯ ಹಳೆಯ ಗ್ಯಾರೇಜುಗಳಲ್ಲಿ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆ ಎಷ್ಟೋ ಕನ್ನಡದ ಮನೆಗಳಿಗೆ ಅನ್ನ ಕೊಟ್ಟಿದೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಹೆಸರು ಬದಲಾದರೂ ಮೇಸ್ತ್ರಿಗಳು ಹುಡುಗನನ್ನು ಅಂಗಡಿಗೆ ಕಳಿಸುವಾಗ “ನಾಲ್ಕು ಮೈಕೋ ಪ್ಲಗ್ ತಗೊಂಬಾರೋ” ಎಂದೇ ಹೇಳುತ್ತಾರೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು. ಎರಡು ಪುಟ್ಟ ಲೋಹದ ಬಿಲ್ಲೆಗಳು ಕೂಡುತ್ತ ಅಗಲುತ್ತ ಇರುತ್ತವೆ, ಅಗಲಿದಾಗೆಲ್ಲ ಎಲ್ಲೋ ಒಂದು ಪ್ಲಗ್ಗಿನಲ್ಲಿ ಕಿಡಿ. ಒಂದು, ಮೂರು, ನಾಲ್ಕು, ಎರಡು: ಇದು ಆ ಕಿಡಿಯ ಸರದಿ. ಸವೆದ ಪಾಯಿಂಟನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಬಿಲ್ಲೆಯಲ್ಲಿ ಸಣ್ಣ ಗುಳಿ, ಎದುರಿನದರಲ್ಲಿ ಅಷ್ಟೇ ಸಣ್ಣ ಗುಡ್ಡ. ಒಂದರ ಲೋಹ ಕಣಕಣವಾಗಿ ಇನ್ನೊಂದಕ್ಕೆ ವಲಸೆ ಹೋಗಿದೆ. ಇದು ಬೇಗ ಬೇಗ ಆಗುತ್ತಿದ್ದರೆ ಪಕ್ಕದ ಕಂಡೆನ್ಸರ್ ಬದಲಿಸಬೇಕು. ಗುಡ್ಡವನ್ನು ನಯವಾಗಿ ಉಜ್ಜಿ, ಫೀಲರ್ ಗೇಜಿನ ತಗಡು ತೂರಿಸಿ ಅಂತರ ಇಡುವಾಗ, ಅರ್ಧ ಮಿಲಿಮೀಟರಿಗೂ ಕಡಿಮೆಯ ಆ ಸಂದಿಯಲ್ಲಿ ತಗಡು ಸಿಕ್ಕಿಕೊಳ್ಳದೆ, ಸಡಿಲವಾಗಿಯೂ ಜಾರದೆ ತುಸು ಎಳೆತದಿಂದ ಹೊರಬರಬೇಕು. ಅದು ಬೆರಳಿಗೆ ಗೊತ್ತಾಗುವ ಸಂಗತಿ. ಚಳಿಯಲ್ಲಿ ಸೆಲ್ಫ್ ಬ್ಯಾಟರಿಯ ಶಕ್ತಿಯನ್ನೆಲ್ಲ ಹೀರುವಾಗ ಕಿಡಿ ಮೊದಲೇ ಬಡವಾಗಿರುತ್ತದೆ. ಪಾಯಿಂಟೂ ಕೈಕೊಟ್ಟರೆ ಮುಗಿಯಿತು.

ಇನ್ನು ಜೆಟ್. ನಿಂತೋಟಕ್ಕೆ ಪೆಟ್ರೋಲು ಕೊಡುವ ಜೆಟ್ಟಿನ ತೂತು ಎಷ್ಟು ಸಣ್ಣದೆಂದರೆ ಟ್ಯಾಂಕಿನ ತುಕ್ಕಿನ ಒಂದು ಕಣ ಸಾಕು ಅದನ್ನು ಕಟ್ಟಲು. ತಂತಿ ತೂರಿಸಿ ಚುಚ್ಚುವವರಿದ್ದಾರೆ, ದಯವಿಟ್ಟು ಬೇಡ. ಹಿತ್ತಾಳೆ ಮೆದು, ತೂತು ಅಗಲವಾದರೆ ಅದರ ಅಳತೆ ಮತ್ತೆ ಬರುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆದರೆ ಸಾಕು. ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಾಗ ಆ ತೂತಿನಲ್ಲಿ ಗುಂಡನೆಯ ಬೆಳಕಿನ ಚುಕ್ಕಿ ಕಂಡರೆ ನನ್ನ ಆ ದಿನ ಚೆನ್ನಾಗಿರುತ್ತದೆ.

ಎಲ್ಲ ಜೋಡಿಸಿದ ಮೇಲೆ ಟ್ಯೂನಿಂಗ್. ಇದನ್ನು ಮಾತ್ರ ಯಾರಿಗೂ ಬಿಟ್ಟುಕೊಡದೆ ನಾನೇ ಮಾಡುತ್ತೇನೆ, ಅದೂ ಇಂಜಿನ್ ಚೆನ್ನಾಗಿ ಕಾದ ಮೇಲೆ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಕೊನೆಮುಟ್ಟ ಒಳಕ್ಕೆ ಕೂರಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ. ಬಿಗಿಯಬಾರದು, ಬಿಗಿದರೆ ಅದರ ಚೂಪು ತುದಿಗೆ ಉಂಗುರದ ಗೀರು ಬಿದ್ದು ಸ್ಕ್ರೂವೇ ಕೆಡುತ್ತದೆ. ಆಮೇಲೆ ಕಾಲು ಸುತ್ತು ಒಳಗೆ, ಕಾಯುವುದು; ಕಾಲು ಸುತ್ತು ಹೊರಗೆ, ಕಾಯುವುದು. ಒಳಗೆ ಹೋದಂತೆ ಪೆಟ್ರೋಲು ಕಡಿಮೆಯಾಗಿ ದನಿ ತೆಳ್ಳಗಾಗುತ್ತದೆ, ನಡುವೆ ಬಿಕ್ಕುತ್ತದೆ. ಹೊರಗೆ ಬಂದಂತೆ ದನಿ ಭಾರವಾಗಿ, ಹಿಂದಿನ ಹೊಗೆ ಘಾಟಾಗುತ್ತದೆ. ಎರಡರ ನಡುವೆ ಒಂದು ಜಾಗ ಇದೆ, ಅಲ್ಲಿ ಇಂಜಿನ್ ತನ್ನಷ್ಟಕ್ಕೆ ತುಸು ಚುರುಕಾಗಿ, ನಯವಾಗಿ ತಿರುಗುತ್ತದೆ. ಸಿಕ್ಕ ಮೇಲೆ ವೇಗ ಇಳಿಸಿ, ಮತ್ತೆ ಅದೇ ಜಾಗ ಹುಡುಕುವುದು. ಅಲ್ಲಿ ನಿಂತ ಇಂಜಿನ್ನಿನ ಮೇಲೆ ಅಂಗೈ ಇಟ್ಟರೆ ತಿರುಗುತ್ತಿದೆಯೆಂಬುದು ತಿಳಿಯುತ್ತದೆ, ನಡುಗುತ್ತಿದೆ ಎನಿಸುವುದಿಲ್ಲ. ಆ ಹದದಲ್ಲಿ ಗಾಡಿಯನ್ನು ನಿಲ್ಲಿಸಲು ನನಗೆ ಮನಸ್ಸೇ ಬರುವುದಿಲ್ಲ.

ಆ ಹದ ಒಂದೂರಿನದು ಇನ್ನೊಂದೂರಿಗಾಗುವುದಿಲ್ಲ ಎಂಬುದು ಮತ್ತೊಂದು ಸೊಗಸು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ಶೇ. 10ರಷ್ಟು ತೆಳು. ಇಲ್ಲಿ ಸ್ಕ್ರೂ ಕೂರಿಸಿದ ಗಾಡಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬರುವ ಹೊತ್ತಿಗೆ ದಟ್ಟ ಗಾಳಿಗೆ ಪೆಟ್ರೋಲು ಸಾಲದೆ ನಿಂತೋಟ ಚೂರು ಬಡವಾಗುತ್ತದೆ. ಅಲ್ಲಿಯ ಸೆಖೆ ಆ ಕೊರತೆಯನ್ನು ಕೊಂಚ ತುಂಬಿಕೊಡುವುದರಿಂದ ದೂರು ಹೇಳುವಷ್ಟೇನೂ ಆಗುವುದಿಲ್ಲ. ಘಾಟಿಯ ಮಂಜಿನಲ್ಲಿ ಬೇರೊಂದು ಆಟ ನಡೆಯುವುದುಂಟು. ಪೆಟ್ರೋಲು ಆವಿಯಾಗುವಾಗ ಕಾರ್ಬುರೇಟರಿನ ಕಾವನ್ನು ಹೀರುತ್ತದೆ, ಅದರ ಗಂಟಲು ಹೊರಗಿನ ಹವೆಗಿಂತ ಇಪ್ಪತ್ತು ಡಿಗ್ರಿಯಷ್ಟು ತಣ್ಣಗಾಗಬಹುದು. ಹತ್ತು ಹದಿನೈದು ಡಿಗ್ರಿಯ ಒದ್ದೆ ಗಾಳಿಯಲ್ಲಿ ಅಷ್ಟು ಸಾಕು, ಗಂಟಲೊಳಗೆ ಹಿಮ ಕಟ್ಟುತ್ತದೆ. ಗಾಡಿ ನಡುಗಿ ನಿಲ್ಲುತ್ತದೆ. ಬಾನೆಟ್ ತೆರೆದು ಒಂದು ಚಹಾ ಕುಡಿಯುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ಹಿಮ ಕರಗಿ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲ ಎನ್ನುವವರಿಗೆ ನಾನು ಆ ಪುಟ್ಟ ಗಂಟಲಿನ ವಿಷಯ ಹೇಳುತ್ತೇನೆ. ಇದಕ್ಕೆಂದೇ ಎಷ್ಟೋ ಹಳೆಯ ಕಾರುಗಳ ಏರ್ ಫಿಲ್ಟರಿಗೆ ಬೇಸಿಗೆ, ಚಳಿಗಾಲ ಎಂಬ ಎರಡು ಗುರುತುಗಳಿದ್ದವು. ಚಳಿಗಾಲದ ಕಡೆ ತಿರುಗಿಸಿದರೆ ಸೈಲೆನ್ಸರ್ ಪೈಪಿನ ಪಕ್ಕದ ಬೆಚ್ಚನೆಯ ಗಾಳಿ ಒಳಗೆ ಬರುತ್ತಿತ್ತು.

ಈಚೆಗೆ ಇನ್ನೊಂದು ಕಾರಣ ಸೇರಿಕೊಂಡಿದೆ, ಪೆಟ್ರೋಲೇ ಬದಲಾಗಿದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿಗಳು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲೂ ಎಥೆನಾಲ್ ತಯಾರಾಗುತ್ತದೆ, ಕಬ್ಬಿನ ರೈತರಿಗೆ ಅದರಿಂದ ಒಂದು ಆಸರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪದ್ಮಿನಿಯ ಕಾರ್ಬುರೇಟರನ್ನು ಮಾಡಿದವರು ಈ ಮಿಶ್ರಣ ಕಂಡಿರಲಿಲ್ಲ. ಎಥೆನಾಲ್ ಉರಿಯಲು ತೂಕದಲ್ಲಿ ಒಂಬತ್ತು ಪಾಲು ಗಾಳಿ ಸಾಕು; ಗಾಳಿ ಮೊದಲಿನಷ್ಟೇ ಬರುವುದರಿಂದ ಅದೇ ಜೆಟ್ಟಿನಿಂದ ಬಂದ ಮಿಶ್ರಣ ಈಗ ಇಂಜಿನ್ನಿಗೆ ತೆಳುವಾಗುತ್ತದೆ. ಆವಿಯಾಗಲು ಅದಕ್ಕೆ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಕಾವು ಬೇಕು, ಚಳಿಯಲ್ಲಿ ಅದೆಲ್ಲಿಂದ ಬರಬೇಕು? ಗಾಳಿಯ ತೇವ ಹೀರಿಕೊಳ್ಳುವ ಗುಣವೂ ಅದಕ್ಕುಂಟು, ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಉಬ್ಬಿ ಬಿರಿಯುತ್ತವೆ. ಹಾಗಾಗಿ ಪೈಪುಗಳನ್ನು ಎಥೆನಾಲ್ ತಡೆಯುವ ಹೊಸ ರಬ್ಬರಿನವಕ್ಕೆ ಬದಲಿಸಿದ್ದೇನೆ, ಮಿಕ್ಸ್ಚರ್ ಸ್ಕ್ರೂ ಒಂದಿಷ್ಟು ಹೊರಗೆ ಬಂದಿದೆ, ಚೋಕ್ ಮೊದಲಿಗಿಂತ ತುಸು ಹೆಚ್ಚು ಹೊತ್ತು ಬೇಕಾಗುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಅರ್ಧ ಖಾಲಿ ಬಿಡುವುದಿಲ್ಲ.

ಮೇಸ್ತ್ರಿಗಳ ಹುಡುಗ ಈಗ ಸ್ಕ್ಯಾನರ್ ಹಿಡಿದು ಹೊಸ ಕಾರುಗಳನ್ನು ನೋಡುತ್ತಾನೆ. ಅಲ್ಲಿ ಸೆನ್ಸರುಗಳು ಚಳಿಯನ್ನೂ ಗಾಳಿಯನ್ನೂ ತಾವೇ ಅಳೆದು ಲೆಕ್ಕ ಕೊಡುತ್ತವೆ, ಕೆಟ್ಟದ್ದು ಏನೆಂದು ಪರದೆಯ ಮೇಲೆ ಬರೆದು ತೋರಿಸುತ್ತವೆ. ಒಳ್ಳೆಯದೇ. ಆ ಕಾರುಗಳಲ್ಲಿ ಊರಿಗೆ ಹೋಗುವುದು ಸುಖ. ಆದರೂ ಆ ಹುಡುಗ ಬಿಡುವಾದಾಗ ನಮ್ಮ ಗಾಡಿಯ ಹತ್ತಿರ ಬಂದು ನಿಲ್ಲುತ್ತಾನೆ. ಒಂದು ದಿನ ಬ್ರಷ್ ಅವನ ಕೈಗೆ ಕೊಟ್ಟು “ನೀನೇ ನೋಡೋ” ಎಂದರು ಮೇಸ್ತ್ರಿಗಳು. ದನಿ ಒಂದಾದ ಕ್ಷಣ ಅವನು ತಲೆಯೆತ್ತಿ “ಸಿಕ್ತು ಅಣ್ಣಾ!” ಎಂದು ಕೂಗಿದ.

ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನ ಕೇಳಿಕೆ ಇದು. ಚಳಿಯಲ್ಲಿ ಗಾಡಿ ನಡುಗಿದರೆ ಸ್ಲೋ ಸ್ಕ್ರೂವಿಗೆ ಕೈ ಹಾಕಬೇಡಿ, ಹಾಕಲೂ ಬಿಡಬೇಡಿ. ಮೊದಲು ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ನೋಡಿಸಿ, ಆಮೇಲೆ ಪೈಪು, ಆಮೇಲೆ ಪ್ಲಗ್ಗು ಪಾಯಿಂಟು. ಅಷ್ಟೂ ಮಾಡಿದ ಮೇಲೆ ಕೊನೆಗೆ ಸ್ಕ್ರೂ. ಮತ್ತೆ ನಿಮ್ಮೂರಿನಲ್ಲಿ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುವ ಮೇಸ್ತ್ರಿ ಒಬ್ಬರು ಉಳಿದಿದ್ದರೆ ಈ ಚಳಿಗಾಲದಲ್ಲೇ ಗಾಡಿ ತೆಗೆದುಕೊಂಡು ಹೋಗಿ. ಹೋಗುವಾಗ ಮನೆಯ ಹುಡುಗ ಹುಡುಗಿಯರನ್ನೂ ಜೊತೆಗೆ ಕರೆದೊಯ್ಯಿರಿ.